ಬಾಗಿಲು ತೆರೆದಿದ್ದ ಏಳೂವರೆ ಗಂಟೆ: ನ್ಯೂವ್ ಶಪೆಲ್, 1915

ಮೊದಲನೇ ಮಹಾಯುದ್ಧ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸೋಮ್, ವರ್ದೂನ್ ತರಹದ ಭಾರೀ ಕದನಗಳು. ತಿಂಗಳುಗಟ್ಟಲೆ ಹೋರಾಟ, ಲಕ್ಷಗಟ್ಟಲೆ ಸಾವು. ಅಷ್ಟು ದೊಡ್ಡದನ್ನು ಒಂದೇ ಸಲ ನೋಡಿದರೆ ಎಲ್ಲಿ ಏನು ತಪ್ಪಿತು ಅನ್ನುವುದು ಕೈಗೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಒಂದು ಚಿಕ್ಕ ಕದನ ಆರಿಸಿಕೊಂಡಿದ್ದೇನೆ. ಜಾಗ, ಉತ್ತರ ಫ್ರಾನ್ಸಿನ ನ್ಯೂವ್ ಶಪೆಲ್ ಎಂಬ ಹಳ್ಳಿ. ಕಾಲ, 1915ರ ಮಾರ್ಚ್ 10ರಿಂದ 13. ಅದರಲ್ಲೂ ಮೊದಲ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ ತನಕ ಏನಾಯಿತು, ಏನಾಗಲಿಲ್ಲ ಅನ್ನುವುದೇ ಈ ಪ್ರಕರಣದ ತಿರುಳು.

ಈ ಹಳ್ಳಿಯನ್ನು ಆರಿಸಲು ಇನ್ನೊಂದು ಕಾರಣ ಇದೆ. ಅಂದು ಜರ್ಮನ್ನರ ಮೇಲೆ ನುಗ್ಗಿದ ಬ್ರಿಟಿಷ್ ಪಡೆಯಲ್ಲಿ ಸುಮಾರು ಅರ್ಧ, ಭಾರತದಿಂದ ಹೋದ ದಂಡು.

ಅಧಿಕಾರಿಗಳ ಹೆಸರನ್ನೂ ತುಕಡಿಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಯಾರು ಯಾರೆಂದು ಹುಡುಕಿದರೆ ಸಿಗುತ್ತದೆ, ಗುಟ್ಟೇನಲ್ಲ. ಆದರೆ ಹೆಸರು ಬಂದ ಕೂಡಲೇ ನಾವು ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ತೂಗಲು ಶುರು ಮಾಡುತ್ತೇವೆ. ನನಗೆ ಬೇಕಿರುವುದು ಆ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕೂತಿದ್ದವನಿಗೆ ಏನು ಗೊತ್ತಿತ್ತು, ಅವನು ಏನು ತೀರ್ಮಾನಿಸಿದ ಅನ್ನುವುದು.

ಹಿನ್ನೆಲೆ

ಯುದ್ಧ ಶುರುವಾದದ್ದು 1914ರ ಆಗಸ್ಟ್‌ನಲ್ಲಿ. ವರ್ಷ ಮುಗಿಯುವ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದ ತನಕ ಎರಡೂ ಕಡೆಯವರು ಎದುರುಬದುರು ಕಂದಕ ತೋಡಿ ಕೂತಿದ್ದರು. ಸುಮಾರು 700 ಕಿಲೋಮೀಟರ್ ಉದ್ದದ ಸಾಲು. ಪಕ್ಕದಿಂದ ಸುತ್ತಿ ಹೋಗಲು ಜಾಗವೇ ಇಲ್ಲ. ಹೋಗಬೇಕಾದರೆ ಎದೆಯೊಡ್ಡಿ ನೇರ ಹೋಗಬೇಕು.

ಭಾರತದ ಸಿಪಾಯಿಗಳು ಮಾರ್ಸೇ ಬಂದರಿನಲ್ಲಿ ಇಳಿದದ್ದು 1914ರ ಸೆಪ್ಟೆಂಬರ್ ಕೊನೆಗೆ. ಮೈಮೇಲೆ ತೆಳು ಹತ್ತಿಯ ಖಾಕಿ. ಒಂದು ತಿಂಗಳೊಳಗೆ ಅವರು ಕಂದಕದಲ್ಲಿದ್ದರು, ಅದರ ಹಿಂದೆಯೇ ಚಳಿಗಾಲ ಬಂತು. ಪ್ರತಿ ಭಾರತೀಯ ತುಕಡಿಯಲ್ಲಿ ಕೆಲವೇ ಬ್ರಿಟಿಷ್ ಅಧಿಕಾರಿಗಳು ಇರುತ್ತಿದ್ದರು. ಅವರಿಗೆ ಸಿಪಾಯಿಗಳ ಭಾಷೆ, ಊರು, ಮನೆತನ ಎಲ್ಲ ಗೊತ್ತು. ಮೊದಲ ತಿಂಗಳುಗಳಲ್ಲೇ ಅವರಲ್ಲಿ ಬಹಳ ಮಂದಿ ಸತ್ತರು. ಬದಲಿಗೆ ಬಂದವರಲ್ಲಿ ಎಷ್ಟೋ ಜನರಿಗೆ ಸಿಪಾಯಿಗಳ ಭಾಷೆ ಬರುತ್ತಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನ್ಯೂವ್ ಶಪೆಲ್ ಭಾರತೀಯರಿಗೆ ಹೊಸ ಊರಲ್ಲ. 1914ರ ಅಕ್ಟೋಬರ್ 28ರಂದು ಒಂದು ಸಿಖ್ ತುಕಡಿ ಮತ್ತು ಸ್ಯಾಪರ್ಸ್ ಎನ್ನುವ ಸೇನಾ ಎಂಜಿನಿಯರಿಂಗ್ ಪಡೆಯ ಎರಡು ಕಂಪನಿಗಳು ಇದೇ ಹಳ್ಳಿಗೆ ನುಗ್ಗಿದ್ದವು. ಮನೆ ಮನೆಯಲ್ಲೂ ಕೈಕೈ ಮಿಲಾಯಿಸಿ ಹಳ್ಳಿಯ ಬಹುಭಾಗ ಹಿಡಿದರು. ಹಿಂದಿನಿಂದ ಬಲ ಬರಲಿಲ್ಲ. ಹಿಡಿದದ್ದನ್ನು ಬಿಟ್ಟು, ಅಳಿದುಳಿದವರು ವಾಪಸ್ ಬಂದರು. ಆ ದಿನದ ಪಾಠ ಒಂದೇ ಸಾಲಿನದು. ಹಿಡಿಯುವುದು ಒಂದು ಕೆಲಸ, ಹಿಡಿದವರ ಬೆನ್ನಿಗೆ ಹೊತ್ತಿಗೆ ಸರಿಯಾಗಿ ಜನ ಕಳಿಸುವುದು ಇನ್ನೊಂದು ಕೆಲಸ. ನಾಲ್ಕೂವರೆ ತಿಂಗಳ ನಂತರ ಅದೇ ಊರಿನಲ್ಲಿ ಅದೇ ಪಾಠ ಮತ್ತೆ ಬಂತು, ಹತ್ತಾರು ಪಟ್ಟು ದೊಡ್ಡದಾಗಿ.

ಇನ್ನು ನೆಲ. ಅದು ಸಪಾಟು, ತೇವದ ಬಯಲು. ನಮ್ಮ ಗದ್ದೆ ಬದುವಿನ ಪಕ್ಕ ಗುಂಡಿ ತೆಗೆದರೆ ನೀರು ಒಸರುತ್ತದಲ್ಲ, ಹಾಗೆ. ಆಳದ ಕಂದಕ ತೋಡಲು ಆಗುತ್ತಿರಲಿಲ್ಲ. ಮೂರಡಿ ತೋಡಿ, ಅದರ ಮೇಲೆ ನಾಲ್ಕಡಿ ಮಣ್ಣು ಮತ್ತು ಮರಳಿನ ಚೀಲದ ಗೋಡೆ ಕಟ್ಟುತ್ತಿದ್ದರು. ಇಂಥ ಗೋಡೆ ಬಂದೂಕಿನ ಗುಂಡಿಗೆ ತಡೆಯುತ್ತದೆ, ಫಿರಂಗಿಯಿಂದ ಬಂದು ಸಿಡಿಯುವ ಶೆಲ್ಲಿಗೆ ತಡೆಯುವುದಿಲ್ಲ. ಹಳ್ಳಿಯ ಆಚೆ, ಪೂರ್ವಕ್ಕೆ, ಓಬೇರ್ ಎಂಬ ದಿಬ್ಬ. ಬಯಲಿಗಿಂತ ಇಪ್ಪತ್ತು ಮೀಟರ್ ಆಸುಪಾಸು ಎತ್ತರ ಅಷ್ಟೆ. ನಮ್ಮ ಕಣ್ಣಿಗೆ ಅದು ದಿಬ್ಬವೇ ಅಲ್ಲ. ಆದರೆ ಅಂಥ ಸಪಾಟು ನೆಲದಲ್ಲಿ ಇಪ್ಪತ್ತು ಮೀಟರ್ ಮೇಲೆ ಕೂತವನಿಗೆ ಕೆಳಗಿನ ಪ್ರತಿಯೊಂದು ದಾರಿಯೂ ಕಾಣುತ್ತದೆ. ದಿಬ್ಬದ ಹಿಂದೆ ಲೀಲ್ ನಗರ, ಜರ್ಮನ್ನರ ದೊಡ್ಡ ರೈಲು ಕೇಂದ್ರ.

ಮಾರ್ಚ್ ದಾಳಿಯನ್ನು ಬ್ರಿಟಿಷರು ಫ್ರೆಂಚರ ಜೊತೆ ಸೇರಿ ಮಾಡುವುದು ಎಂದು ಮೊದಲು ಇತ್ತು. ಅದಕ್ಕೆ ಫ್ರೆಂಚರ ಒಂದು ಪಡೆಯನ್ನು ಬೇರೆ ಕಡೆಯಿಂದ ಬಿಡಿಸಿ ಕೊಡಬೇಕಿತ್ತು. ಅಲ್ಲಿಗೆ ಬರಬೇಕಿದ್ದ ಬ್ರಿಟಿಷ್ ಡಿವಿಷನ್, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ದಂಡು, ಟರ್ಕಿಯ ಗಲ್ಲಿಪೊಲಿಗೆ ಹೋಯಿತು. ಫ್ರೆಂಚರು ಹಿಂದೆ ಸರಿದರು. ಬ್ರಿಟಿಷರು ಒಬ್ಬರೇ ಮಾಡುತ್ತೇವೆ ಅಂದರು. ಇದು ಬರೀ ನೆಲದ ವಿಷಯ ಆಗಿರಲಿಲ್ಲ. ನಮಗೂ ದಾಳಿ ಮಾಡಲು ಬರುತ್ತದೆ ಎಂದು ಮಿತ್ರರಿಗೆ ತೋರಿಸುವ ಹಟವೂ ಅದರಲ್ಲಿತ್ತು.

ಸಮಸ್ಯೆ ಏನು

ಸಮಸ್ಯೆ ಹೇಳಲು ಸುಲಭ. ಎದುರಿಗೆ ಮುಳ್ಳುತಂತಿ. ತಂತಿಯ ಹಿಂದೆ ಗೋಡೆ. ಗೋಡೆಯ ಹಿಂದೆ ಮೆಷಿನ್ ಗನ್. ನಡುವೆ ಬಟಾ ಬಯಲು. ಓಡುವ ಮನುಷ್ಯ ತಂತಿಯ ಹತ್ತಿರ ನಿಂತರೆ ಮುಗಿಯಿತು.

ತಂತಿ ಕತ್ತರಿಸುವ ಒಂದು ಉಪಾಯ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಒಬ್ಬ ಅಧಿಕಾರಿ ಉದ್ದನೆಯ ಕೊಳವೆಗೆ ಸ್ಫೋಟಕ ತುಂಬಿ, ಅದನ್ನು ತಂತಿಯ ಕೆಳಗೆ ತಳ್ಳಿ ಸಿಡಿಸುವ ಸಾಧನ ಮಾಡಿದ. ಇವತ್ತಿಗೂ ಪ್ರಪಂಚದ ಸೈನ್ಯಗಳು ಅದನ್ನು ಬೆಂಗಳೂರು ಟಾರ್ಪಿಡೋ ಅಂತಲೇ ಕರೆಯುತ್ತವೆ. ಆದರೆ ಕೊಳವೆಯಿಂದ ತಂತಿಯಲ್ಲಿ ಒಂದು ಕಂಡಿ ಮಾಡಬಹುದು. ಸಾವಿರಾರು ಜನ ಏಕಕಾಲಕ್ಕೆ ದಾಟಬೇಕಾದರೆ ತಂತಿಯೇ ಇರಬಾರದು. ಅದಕ್ಕೆ ಫಿರಂಗಿಯೇ ಬೇಕು.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಇದರ ಹಿಂದೆ ಇನ್ನೊಂದು ಸಮಸ್ಯೆ ಅಡಗಿತ್ತು. ದಾಟಿದ ಮೇಲೆ ಏನು? ದಾಟಿದವರು ಎಲ್ಲಿದ್ದಾರೆ ಎಂದು ಹಿಂದಿನವರಿಗೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಸಿದ್ಧತೆಯ ಹೊತ್ತಿನಲ್ಲಿ ಸಿಕ್ಕ ಗಮನ ಬಹಳ ಕಡಿಮೆ.

ಸಿದ್ಧತೆ

ಸಿದ್ಧತೆಯನ್ನು ನಾನು ಮನಸ್ಸಾರೆ ಮೆಚ್ಚುತ್ತೇನೆ. ವಿಮಾನಗಳು ಜರ್ಮನ್ನರ ಕಂದಕಗಳ ಮೇಲೆ ಹಾರಿ ಫೋಟೋ ತೆಗೆದವು. ಅವುಗಳಿಂದ ಕಂದಕದ ಪ್ರತಿ ತಿರುವನ್ನೂ ತೋರಿಸುವ ನಕ್ಷೆ ಮಾಡಿದರು. ಒಂದೊಂದು ಕೋರ್‌ಗೆ, ಅಂದರೆ ಕೆಲವು ಡಿವಿಷನ್ ಸೇರಿದ ದಂಡಿಗೆ, 1,500 ಪ್ರತಿ ಹಂಚಿದರು. ಆಕಾಶದಿಂದ ತೆಗೆದ ಚಿತ್ರಗಳನ್ನು ನಂಬಿ ಬ್ರಿಟಿಷ್ ಸೈನ್ಯ ಹೀಗೆ ಇಡೀ ದಾಳಿ ಹೆಣೆದದ್ದು ಇದೇ ಮೊದಲು. ಸೈನಿಕರಿಗೆ ಮುಂಚೆಯೇ ಅಭ್ಯಾಸ ಮಾಡಿಸಿದರು. ಯಾವ ತುಕಡಿ ಎಲ್ಲಿಂದ ಹೊರಡಬೇಕು, ಯಾವ ಫಿರಂಗಿ ಎಷ್ಟು ಹೊತ್ತಿಗೆ ಗುರಿ ಬದಲಿಸಬೇಕು ಎಂದು ಗಡಿಯಾರ ನೋಡಿ ಬರೆದಿಟ್ಟರು.

ಸುಮಾರು 340 ಫಿರಂಗಿಗಳನ್ನು ಗುಟ್ಟಾಗಿ ತಂದು ನಿಲ್ಲಿಸಿದರು. ಲೆಕ್ಕ ಹಾಕಿದರೆ ಐದಾರು ಮೀಟರಿಗೆ ಒಂದು ಫಿರಂಗಿ. ಹೊಡೆತ ಬರೀ 35 ನಿಮಿಷ. ಇದು ಬಹಳ ಯೋಚಿಸಿ ಮಾಡಿದ ತೀರ್ಮಾನ. ಎರಡು ದಿನ ಹೊಡೆದರೆ ಎದುರಾಳಿಗೆ ಸುಳಿವು ಸಿಗುತ್ತದೆ, ಅವನು ಹಿಂದಿನಿಂದ ಜನ ತರಿಸುತ್ತಾನೆ. ಅಷ್ಟು ಹೊಡೆಯಲು ಶೆಲ್ಲೂ ಇರಲಿಲ್ಲ ಅನ್ನಿ. ಅಂತೂ ಕೊರತೆಯೂ ಬುದ್ಧಿಯೂ ಒಂದೇ ಕಡೆ ಕೈ ತೋರಿದವು.

ಎದುರಿಗೆ ಆ ಬೆಳಿಗ್ಗೆ ಜರ್ಮನ್ನರು ತೀರಾ ಕಡಿಮೆ ಇದ್ದರು. ಎಷ್ಟೋ ಸಾವಿರ ಜನರ ಎದುರಿಗೆ ಒಂದೂವರೆ ಸಾವಿರದ ಆಸುಪಾಸು, ಒಂದು ಡಜನ್ ಮೆಷಿನ್ ಗನ್.

ಆದರೆ ಒಂದು ಕಡೆ ಹೊಲಿಗೆ ಬಿಚ್ಚಿಕೊಂಡಿತ್ತು. ಎಡ ತುದಿಯಲ್ಲಿ ಸುಮಾರು 400 ಗಜ ಉದ್ದದ ಕಂದಕ ಹೊಡೆಯುವ ಹೊಣೆ ಎರಡು ಭಾರೀ ಹೊವಿಟ್ಜರ್ ಬ್ಯಾಟರಿಗಳದ್ದು, ಅಂದರೆ ಶೆಲ್ಲನ್ನು ಎತ್ತರಕ್ಕೆ ಹಾರಿಸಿ ಕೆಳಗೆ ಬೀಳಿಸುವ ಫಿರಂಗಿಗಳ ಎರಡು ಗುಂಪಿನದ್ದು. ಅವು ಇಂಗ್ಲೆಂಡಿನಿಂದ ಬಂದು ತಲುಪಿದ್ದೇ ದಾಳಿಯ ಹಿಂದಿನ ರಾತ್ರಿ. ಫಿರಂಗಿ ಬಂದ ಕೂಡಲೇ ಹೊಡೆಯಲು ಆಗುವುದಿಲ್ಲ. ಒದ್ದೆ ನೆಲದಲ್ಲಿ ಅದಕ್ಕೆ ಗಟ್ಟಿ ಹಲಗೆಯ ತಳ ಹಾಕಬೇಕು. ಟೆಲಿಫೋನ್ ತಂತಿ ಎಳೆಯಬೇಕು. ಒಂದೆರಡು ಶೆಲ್ ಹಾರಿಸಿ, ಎಲ್ಲಿ ಬಿತ್ತೆಂದು ನೋಡಿ ಗುರಿ ತಿದ್ದಿಕೊಳ್ಳಬೇಕು. ಯಾವುದಕ್ಕೂ ಹೊತ್ತಿರಲಿಲ್ಲ.

ನನ್ನ ಪ್ರಕಾರ ಇದು ಮೊದಲ ತಿರುವು. ಆ ರಾತ್ರಿ ಮೂರು ದಾರಿಗಳಿದ್ದವು. ಇಡೀ ದಾಳಿಯನ್ನು ಒಂದು ದಿನ ಮುಂದೆ ಹಾಕುವುದು. ಆ 400 ಗಜವನ್ನು ಬೇರೆ ಫಿರಂಗಿಗೆ ವಹಿಸುವುದು. ಇಲ್ಲವೇ ಆ ಭಾಗದಲ್ಲಿ ಕಾಲಾಳುಗಳನ್ನು ನೇರ ಕಳಿಸದೆ, ಪಕ್ಕದವರು ಒಡೆದ ಮೇಲೆ ಬದಿಯಿಂದ ಸುತ್ತುವುದು. ಯಾವುದೂ ಆಗಲಿಲ್ಲ. ಕಾಗದದ ಮೇಲೆ ಯೋಜನೆ ಪೂರ್ತಿಯಾಗಿತ್ತು, ಹಾಗಾಗಿ ಹಾಗೇ ನಡೆಯಿತು. ತಡವಾಗಿ ಬಂದ ಎರಡು ಬ್ಯಾಟರಿಯ ಬೆಲೆ ತೆತ್ತವರು ಬೆಳಿಗ್ಗೆ ಅಲ್ಲಿ ಏಣಿ ಹತ್ತಿದ ಎರಡು ಬೆಟಾಲಿಯನ್‌ಗಳು, ಅಂದರೆ ನೂರಾರು ಜನರ ಎರಡು ತುಕಡಿಗಳು.

ಬೆಳಿಗ್ಗೆ 7:30ರಿಂದ 10

ಏಳೂವರೆಗೆ ಹೊಡೆತ ಶುರುವಾಯಿತು. ಎದುರಿನ ಮುಳ್ಳುತಂತಿ ಹತ್ತು ನಿಮಿಷದಲ್ಲಿ ಚಿಂದಿಯಾಯಿತು. ಮಣ್ಣಿನ ಗೋಡೆಗಳು ಕುಸಿದು ಬಿದ್ದವು. ಎಂಟು ಗಂಟೆ ಐದು ನಿಮಿಷಕ್ಕೆ ಕಾಲಾಳುಗಳು ಎದ್ದರು.

ನಡುವಿನ ಭಾಗದಲ್ಲಿ ಎಲ್ಲವೂ ಅಂದುಕೊಂಡ ಹಾಗೇ ಆಯಿತು. ಬಲದಲ್ಲಿ ಭಾರತದ ದಂಡು, ಎಡದಲ್ಲಿ ಬ್ರಿಟಿಷ್ ಡಿವಿಷನ್. ಇಬ್ಬರೂ ಮೊದಲ ಕಂದಕ ದಾಟಿ, ಹಳ್ಳಿಯೊಳಗೆ ಹೊಕ್ಕು ಒಬ್ಬರನ್ನೊಬ್ಬರು ಸೇರಿದರು. ಹತ್ತು ಗಂಟೆಯೊಳಗೆ ಹಳ್ಳಿ ಕೈಗೆ ಬಂತು. ಕಂದಕದ ಯುದ್ಧದಲ್ಲಿ ಇದು ಎಷ್ಟು ದೊಡ್ಡ ಮಾತು ಎಂದು ಇವತ್ತು ಊಹಿಸುವುದು ಕಷ್ಟ. ಜರ್ಮನ್ನರ ಸಾಲು ನಿಜವಾಗಿಯೂ ಒಡೆದಿತ್ತು.

ಭಾರತದ ಕಡೆಯ ಒಬ್ಬ ರೈಫಲ್‌ಮನ್ ಬಗ್ಗೆ ಇಲ್ಲಿ ಹೇಳಲೇಬೇಕು. ಗಢವಾಲದ ಬೆಟ್ಟದ ಹುಡುಗ, ಇಪ್ಪತ್ತರ ಆಸುಪಾಸು. ಕಂದಕಗಳು ನೇರ ಇರುವುದಿಲ್ಲ, ಕೆಲವು ಮೀಟರಿಗೊಮ್ಮೆ ಮುರಿದು ತಿರುಗುತ್ತವೆ. ತಿರುವಿನ ಆಚೆ ಏನಿದೆ ಕಾಣುವುದಿಲ್ಲ. ಬಾಂಬು ಎಸೆಯುವವರ ಗುಂಪಿಗೆ ಬಯನೆಟ್ ಹಿಡಿದು ಕಾವಲಿದ್ದ ಇವನು, ಪ್ರತಿ ತಿರುವನ್ನೂ ತಾನೇ ಮೊದಲು ದಾಟಿದ. ಎದುರಿನವರು ಹಿಂದೆ ಸರಿಯುತ್ತಾ ಹೋಗಿ ಕೊನೆಗೆ ಶರಣಾದರು. ಅವನು ಆ ದಿನವೇ ಸತ್ತ. ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಬಂತು, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ.

ಬಲ ತುದಿಯಲ್ಲಿ ಮಾತ್ರ ಎಡವಟ್ಟಾಯಿತು. ಒಂದು ಭಾರತೀಯ ಬೆಟಾಲಿಯನ್ ದಿಕ್ಕು ತಪ್ಪಿ, ಇನ್ನೂ ಬಲಕ್ಕೆ ವಾಲಿತು. ಅದು ತಲುಪಿದ್ದು ಶೆಲ್ ಬೀಳದ ಕಂದಕದ ಎದುರಿಗೆ. ತಂತಿ ಅಖಂಡವಾಗಿತ್ತು. ಆದರೂ ಅವರು ನುಗ್ಗಿ ಕಂದಕದ ಒಂದು ತುಂಡು ಹಿಡಿದರು. ಮುಂದೆ ನಿಂತು ನಡೆಸುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಸತ್ತರು. ಹಿಂದೆ ಹೇಳಿದ್ದು ಇದಕ್ಕೇ. ಅಧಿಕಾರಿ ಬಿದ್ದ ಮೇಲೆ ಆ ಸಿಪಾಯಿಗಳ ಮಾತನ್ನು ಹಿಂದಿನವರಿಗೆ ತಲುಪಿಸುವ ಕೊಂಡಿಯೇ ಕಡಿಯಿತು. ಅವರು ಅಲ್ಲಿ ಗಂಟೆಗಟ್ಟಲೆ ಒಂಟಿಯಾಗಿ ಉಳಿದರು.

ಎಡ ತುದಿಯ 400 ಗಜದ ಮುಂದೆ ನಡೆದದ್ದು ಬರೆಯಲು ಕೈ ಬರುವುದಿಲ್ಲ. ಎದುರಿಗೆ ಇದ್ದವರು ಸುಮಾರು 200 ಜರ್ಮನ್ನರು. ಗೋಡೆ ಹಾಗೇ ಇತ್ತು, ತಂತಿ ಹಾಗೇ ಇತ್ತು, ಮೆಷಿನ್ ಗನ್ ಹಾಗೇ ಇತ್ತು. ಒಂದು ಬೆಟಾಲಿಯನ್ ಒಂದಾದ ಮೇಲೊಂದು ಅಲೆಯಾಗಿ ಹೋಯಿತು. ಹೋದವರು ಬಯಲಲ್ಲೇ ಉಳಿದರು. ಪಕ್ಕದ ಬೆಟಾಲಿಯನ್ನಿನಲ್ಲಿ ಕದನ ಮುಗಿಯುವ ಹೊತ್ತಿಗೆ ಉಳಿದದ್ದು ಸುಮಾರು 150 ಜನ. ಅವರನ್ನು ವಾಪಸ್ ಕರೆತಂದದ್ದು ಒಬ್ಬ ಕಿರಿಯ ಸೆಕೆಂಡ್ ಲೆಫ್ಟಿನೆಂಟ್. ಅವನಿಗಿಂತ ಮೇಲಿನವರು ಯಾರೂ ಉಳಿದಿರಲಿಲ್ಲ.

ಹತ್ತರಿಂದ ಐದೂವರೆ

ಈಗ ಹತ್ತು ಗಂಟೆಯ ಚಿತ್ರ ನೋಡಿ. ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಕಂಡಿ. ಅದರ ಮುಂದೆ ಜರ್ಮನ್ನರು ಹೆಚ್ಚುಕಡಿಮೆ ಇಲ್ಲ. ಹಳ್ಳಿಯ ಹಿಂದೆ ಒಂದು ಸಣ್ಣ ತೊರೆ, ಆಚೆ ಒಂದು ಕಾಡು, ಅದರಾಚೆ ದಿಬ್ಬ. ಹಿಂದೆ ಇಡೀ ಒಂದು ಹೊಸ ಡಿವಿಷನ್ ಹೊರಡಲು ಸಿದ್ಧವಾಗಿ ಕೂತಿದೆ. ಕುದುರೆ ಪಡೆಯೂ ತಯಾರಾಗಿದೆ. ಕೋಟೆಯ ಬಾಗಿಲು ಹಾರು ಹೊಡೆದಿದೆ, ಒಳಗೆ ಹೋಗಬೇಕಾದವರು ಹೊರಗೇ ನಿಂತಿದ್ದಾರೆ.

ಯಾಕೆ ಹೋಗಲಿಲ್ಲ?

ಹಳ್ಳಿಯಲ್ಲಿದ್ದ ಕಂಪನಿಗಳಿಗೆ ಮುಂದೆ ಖಾಲಿ ಇರುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಯೋಜನೆಯ ಪ್ರಕಾರ ಅವರು ಅಲ್ಲಿ ನಿಂತು ಮುಂದಿನ ಅಪ್ಪಣೆಗೆ ಕಾಯಬೇಕು. ಅಪ್ಪಣೆ ಬರಬೇಕಾದದ್ದು ಕೋರ್ ಕಮಾಂಡರ್‌ನಿಂದ. ಅವನಿದ್ದದ್ದು ಮೈಲಿಗಟ್ಟಲೆ ಹಿಂದೆ. ನಡುವೆ ಬೆಟಾಲಿಯನ್, ಬ್ರಿಗೇಡ್, ಡಿವಿಷನ್ ಎಂಬ ಮೆಟ್ಟಿಲುಗಳು. ಟೆಲಿಫೋನ್ ತಂತಿಗಳು ಶೆಲ್ಲಿಗೆ ಸಿಕ್ಕಿ ತುಂಡಾಗಿದ್ದವು. ಆಗ ಉಳಿದದ್ದು ಓಡುವ ಮನುಷ್ಯ. ಅವನು ಚೀಟಿ ಹಿಡಿದು ಕೆಸರಿನಲ್ಲಿ, ಗುಂಡಿನ ನಡುವೆ ಓಡಬೇಕು. ತಲುಪಿದರೆ ತಲುಪಿದ. ತಲುಪುವ ಹೊತ್ತಿಗೆ ಸುದ್ದಿ ಹಳಸಿರುತ್ತಿತ್ತು.

ಎಡ ಬದಿಯ ಕೋರ್ ಕಮಾಂಡರ್‌ಗೆ ಸಿಕ್ಕಿದ್ದು ಇಂಥ ಹಳಸಿದ, ತುಂಡು ತುಂಡು ಸುದ್ದಿ. ನಡುವೆ ಗೆದ್ದಿದ್ದೇವೆ. ಎಡದಲ್ಲಿ ನಿಂತುಹೋಗಿದ್ದೇವೆ. ಎಡದ ಒಂದು ಹಣ್ಣಿನ ತೋಟದಲ್ಲಿ ಜರ್ಮನ್ನರು ಬಲವಾಗಿ ಕೂತಿದ್ದಾರೆ ಎಂಬ ಶಂಕೆ. ಅವನು ತೀರ್ಮಾನಿಸಿದ: ಮೊದಲು ಎಡ ಬದಿ ಸರಿಮಾಡೋಣ, ತೋಟ ಹಿಡಿಯೋಣ, ಆಮೇಲೆ ಹೊಸ ಡಿವಿಷನ್ ಕಳಿಸೋಣ. ಇದೇ ಎರಡನೇ ತಿರುವು.

ಅವನನ್ನು ಬೈಯುವುದು ಸುಲಭ. ಆದರೆ ಅವನ ಜಾಗದಲ್ಲಿ ಕೂತು ನೋಡಿ. ಬದಿ ತೆರೆದಿಟ್ಟು ಮುಂದೆ ಹೋದರೆ ಪಕ್ಕದಿಂದ ಹೊಡೆತ ಬೀಳುತ್ತದೆ ಅನ್ನುವುದು ಯಾವ ಸೈನಿಕನಿಗೂ ಮೊದಲು ಕಲಿಸುವ ಪಾಠ. ಅವನು ಆ ಪಾಠದಂತೆ ನಡೆದ. ತೋಟವನ್ನು ಕೊನೆಗೆ ಹೋಗಿ ನೋಡಿದಾಗ ಅಲ್ಲಿ ಹೇಳಿಕೊಳ್ಳುವಂಥ ಕಾವಲೇ ಇರಲಿಲ್ಲ. ಇಲ್ಲದ ಶತ್ರುವಿಗಾಗಿ ಒಂದು ಡಿವಿಷನ್ ಗಂಟೆಗಟ್ಟಲೆ ಕಾದಿತ್ತು.

ಬಲ ಬದಿಯಲ್ಲಿ ಭಾರತದ ದಂಡು ಎಡದವರಿಗೆ ಕಾಯುತ್ತಿತ್ತು. ಅವರೂ ಇವರೂ ಒಟ್ಟಿಗೆ ಹೊರಡಬೇಕು ಎಂಬುದು ಏರ್ಪಾಡು. ಒಬ್ಬರು ತಡವಾದರೆ ಇಬ್ಬರೂ ತಡ. ಕೊನೆಗೆ ಎಲ್ಲರೂ ಮುಂದೆ ಹೊರಟಾಗ ಸಂಜೆ ಐದೂವರೆ. ಮಾರ್ಚ್ ತಿಂಗಳು, ಉತ್ತರದ ದೇಶ. ಕತ್ತಲು ಕವಿಯುತ್ತಿತ್ತು.

ಆ ಹೊತ್ತಿಗೆ ಜರ್ಮನ್ನರು ಸುಮ್ನೆ ಕೂತಿರಲಿಲ್ಲ. ಸಾಲಿನ ಹಿಂದೆ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಮೊದಲೇ ಕಟ್ಟಿದ್ದ ಸಣ್ಣ ಸಣ್ಣ ಠಾಣೆಗಳಿದ್ದವು. ಅಲ್ಲಿಗೆ ಮೆಷಿನ್ ಗನ್ ತಂದರು, ಸಿಕ್ಕ ಸಿಕ್ಕವರನ್ನು ಕೂರಿಸಿದರು. ಅಲ್ಲಿನ ಕಿರಿಯ ಅಧಿಕಾರಿಗಳು ತಮ್ಮ ಕಣ್ಣಿಗೆ ಕಂಡದ್ದಕ್ಕೆ ತಾವೇ ತೀರ್ಮಾನ ಕೈಗೊಂಡರು. ಕಾಪಾಡುವವನಿಗೆ ಒಂದು ಅನುಕೂಲ ಇತ್ತು. ಅವನು ಹಿಂದೆ ಸರಿದಷ್ಟೂ ತನ್ನ ಟೆಲಿಫೋನಿಗೆ, ತನ್ನ ರೈಲಿಗೆ ಹತ್ತಿರವಾಗುತ್ತಾನೆ. ನುಗ್ಗಿದವನು ಮುಂದೆ ಹೋದಷ್ಟೂ ತನ್ನವರಿಂದ ದೂರವಾಗುತ್ತಾನೆ.

ಗೂರ್ಖಾಗಳ ತುಕಡಿಗಳು ಕತ್ತಲಲ್ಲೇ ತೊರೆ ದಾಟಿ ಆಚೆಯ ಕಾಡಿನ ಅಂಚು ತಲುಪಿದವು. ಎಡಕ್ಕೆ ನೋಡಿದರೆ ಜೊತೆಗಾರರು ಯಾರೂ ಬಂದಿರಲಿಲ್ಲ. ಕಾಡಿನ ಕಡೆ ಜರ್ಮನ್ ಬಲ ಬರುತ್ತಿದೆ ಎಂದು ಸೆರೆಸಿಕ್ಕವರು ಹೇಳಿದರು. ರಾತ್ರಿ ಅವರನ್ನು ತೊರೆಯ ಈಚೆಗೆ ಕರೆಸಿಕೊಂಡರು. ಅವರು ಮುಟ್ಟಿ ಬಂದ ಆ ಕಾಡಿನ ಅಂಚು ಕದನ ಮುಗಿಯುವ ತನಕ ಬ್ರಿಟಿಷ್ ಸೈನ್ಯಕ್ಕೆ ಮತ್ತೆ ಸಿಗಲಿಲ್ಲ.

ಉಳಿದ ಮೂರು ದಿನ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿಯಿಡೀ ಜರ್ಮನ್ನರು ಹೊಸ ಕಂದಕ ತೋಡಿದರು. 11ರ ಬೆಳಿಗ್ಗೆ ಮಂಜು. ಹೊಸ ಕಂದಕ ಎಲ್ಲಿದೆ ಎಂದು ಬ್ರಿಟಿಷ್ ಫಿರಂಗಿಯವರಿಗೆ ಗೊತ್ತಿಲ್ಲ. ಶೆಲ್ಲುಗಳು ಬೇರೆಲ್ಲೋ ಬಿದ್ದವು, ಕಾಲಾಳುಗಳು ಹೊಡೆತ ಬೀಳದ ಮೆಷಿನ್ ಗನ್ನಿನ ಎದುರಿಗೆ ಎದ್ದರು.

12ರ ನಸುಕಿನಲ್ಲಿ ಜರ್ಮನ್ನರು ಪ್ರತಿದಾಳಿ ಮಾಡಿದರು. ಈಗ ಅವರ ಫಿರಂಗಿಗೂ ಅದೇ ಕಷ್ಟ, ಎದುರಿನ ಸಾಲು ಎಲ್ಲಿದೆ ಎಂದು ಸರಿಯಾಗಿ ತಿಳಿಯದು. ಮಂಜಿನಿಂದ ಎದ್ದು ಬಂದ ಅವರ ಸಾಲುಗಳು ಬ್ರಿಟಿಷ್ ಮತ್ತು ಭಾರತೀಯ ಗುಂಡಿಗೆ ಸಿಕ್ಕಿ ಬಿದ್ದವು. ಅದೇ ದಿನ ಬ್ರಿಟಿಷರ ದಾಳಿ ಮಂಜಿನ ಕಾರಣ ಎರಡು ಗಂಟೆ ಮುಂದೆ ಹೋಯಿತು. ಮುಂದೂಡಿದ ಸುದ್ದಿ ಕೆಲವು ತುಕಡಿಗಳಿಗೆ ತಡವಾಗಿ ತಲುಪಿತು, ಅವು ಹಳೆಯ ವೇಳೆಗೇ ಹೊರಟುಬಿಟ್ಟವು. ಎರಡೂ ಕೋರ್‌ಗಳ ಮೇಲಿದ್ದ ಸೈನ್ಯದ ಮುಖ್ಯಸ್ಥ, ಎಷ್ಟೇ ನಷ್ಟವಾದರೂ ಒತ್ತಿ ನಡೆಯಿರಿ ಎಂದು ಆಜ್ಞೆ ಕೊಟ್ಟ. ಅವನಿಗೂ ಸಿಕ್ಕಿದ್ದು ಜರ್ಮನ್ನರು ಕುಸಿಯುತ್ತಿದ್ದಾರೆ ಎಂಬ ತಪ್ಪು ಸುದ್ದಿಯೇ. 13ರಂದು ನಿಲ್ಲಿಸಿದರು. ಜನ ದಣಿದಿದ್ದರು, ಶೆಲ್ ಮುಗಿಯುತ್ತಾ ಬಂದಿತ್ತು. ಆ ಸೈನ್ಯದ ಬಳಿ ಇದ್ದ ಫೀಲ್ಡ್ ಗನ್ ಮದ್ದುಗುಂಡಿನಲ್ಲಿ ಸುಮಾರು ಶೇಕಡಾ 30ರಷ್ಟು ಈ ಕದನದಲ್ಲೇ ಖರ್ಚಾಗಿತ್ತು.

ಸಿಕ್ಕಿದ್ದು ಎರಡು ಕಿಲೋಮೀಟರ್ ಅಗಲ, ಒಂದು ಕಿಲೋಮೀಟರಿಗಿಂತ ತುಸು ಜಾಸ್ತಿ ಆಳದ ನೆಲ, ಒಂದು ಹಾಳಾದ ಹಳ್ಳಿ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಬ್ರಿಟಿಷ್ ಕಡೆಯಲ್ಲಿ ಹನ್ನೆರಡು ಸಾವಿರದ ಆಸುಪಾಸು. ಅದರಲ್ಲಿ ಸುಮಾರು 4,200 ಭಾರತದ ದಂಡಿನವರು. ಜರ್ಮನ್ನರ ನಷ್ಟವೂ ಅದಕ್ಕಿಂತ ಬಹಳ ಕಡಿಮೆಯೇನಲ್ಲ. ನಾಳೆಯೇ ಇಲ್ಲದ ಗೆಲುವು ಎಂದು ಫ್ರೆಂಚ್ ಸೇನಾಪತಿ ಹೇಳಿದ್ದ.

ಯಾರ ತಲೆಗೆ ಕಟ್ಟುವುದು

ಕದನ ಮುಗಿದ ಮೇಲೆ ನಡೆದದ್ದೂ ಈ ಪ್ರಕರಣದ ಭಾಗ. ಮೊದಲ ದಿನದ ತಡಕ್ಕೆ ಯಾರು ಕಾರಣ ಎಂದು ಮೇಲಿನಿಂದ ಪ್ರಶ್ನೆ ಬಂತು. ಎಡ ಬದಿಯ ಕೋರ್ ಕಮಾಂಡರ್ ತನ್ನ ಕೈಕೆಳಗಿನ ಡಿವಿಷನ್ ಕಮಾಂಡರ್‌ನ ಕಡೆ ಬೆರಳು ತೋರಿಸಿದ. ಆ ಡಿವಿಷನ್ ಕಮಾಂಡರ್ ಬಾಯಿ ಮುಚ್ಚಿ ಕೂರಲಿಲ್ಲ. ಕಾಯಬೇಕೆಂಬ ಅಪ್ಪಣೆ ಮೇಲಿನಿಂದಲೇ ಬಂದಿತ್ತು ಎಂದು ಬರಹದಲ್ಲಿ ತೋರಿಸಿದ. ಕೋರ್ ಕಮಾಂಡರ್ ಹೊಣೆ ತನ್ನದೇ ಎಂದು ಒಪ್ಪಿಕೊಂಡ, ಸೈನ್ಯದ ಮುಖ್ಯಸ್ಥನಿಂದ ಛೀಮಾರಿಯೂ ಆಯಿತು. ಆದರೆ ಹುದ್ದೆ ಹೋಗಲಿಲ್ಲ.

ನನಗೆ ಅನಿಸುವುದು, ಈ ಜಗಳದಲ್ಲಿ ನಿಜವಾದ ಪ್ರಶ್ನೆ ಕಳೆದುಹೋಯಿತು. ಆ ಕುರ್ಚಿಯಲ್ಲಿ ಬೇರೆ ಯಾರೇ ಇದ್ದರೂ ಅವರಿಗೂ ಅದೇ ಹಳಸಿದ ಸುದ್ದಿ ಸಿಗುತ್ತಿತ್ತು. ಹಳ್ಳಿಯ ಅಂಚಿನಲ್ಲಿದ್ದ ಬ್ರಿಗೇಡಿನವನಿಗೆ "ಮುಂದೆ ಖಾಲಿ ಕಂಡರೆ ಕೇಳಬೇಡ, ಹೋಗು" ಎಂದು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಸಣ್ಣ ಮಟ್ಟದ ಅಧಿಕಾರಿಯ ಕೈಗೆ ತೀರ್ಮಾನ ಕೊಟ್ಟಿದ್ದರೆ? ಇಡೀ ದಿಬ್ಬ ಸಿಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆ ಕಾಡು ಬೆಳಕಿನಲ್ಲಿ ಸಿಗುತ್ತಿತ್ತು, ಮಾರನೇ ದಿನದ ಸಾವಿರಾರು ಸಾವು ಬೇರೆ ತರಹ ಇರುತ್ತಿತ್ತು.

ಏನು ಕಲಿತರು

ಸೈನ್ಯ ಕಲಿತದ್ದು ಒಂದೇ ಪಾಠ: ಇನ್ನೂ ಶೆಲ್ ಬೇಕು. ಆ ಕೊರತೆ ನಿಜವೇ. ಮೇ ತಿಂಗಳಲ್ಲಿ ಅದು ಲಂಡನ್ನಿನ ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಸರ್ಕಾರವೇ ಬದಲಾಗಿ ಸಮ್ಮಿಶ್ರ ಸಂಪುಟ ಬಂತು, ಮಂತ್ರಿ ಲಾಯ್ಡ್ ಜಾರ್ಜ್ ಕೈಗೆ ಹೊಸ ಮದ್ದುಗುಂಡು ಖಾತೆ ಹೋಯಿತು. ಆದರೆ ಮಾರ್ಚ್ 10ರ ಬೆಳಿಗ್ಗೆ ಗೆಲ್ಲಿಸಿದ್ದು ಶೆಲ್ಲುಗಳ ಒಟ್ಟು ಸಂಖ್ಯೆ ಅಲ್ಲ. ಕಿರಿದಾದ ಜಾಗದಲ್ಲಿ ಒತ್ತಾಗಿ ಬಿದ್ದ ಹೊಡೆತ, ಮತ್ತು ಎದುರಾಳಿಗೆ ಸುಳಿವೇ ಸಿಗದ್ದು. ಇವೆರಡನ್ನೂ ಬೇಗ ಮರೆತರು.

ಮೇ 9ರಂದು ಅದೇ ಸೈನ್ಯ ಅದೇ ದಿಬ್ಬದ ಮೇಲೆ ಮತ್ತೆ ಹೋಯಿತು. ಹೊಡೆತ 40 ನಿಮಿಷ. ಅಷ್ಟರಲ್ಲಿ ಜರ್ಮನ್ನರು ತಮ್ಮ ಗೋಡೆಗಳನ್ನು ದಪ್ಪ ಮಾಡಿಕೊಂಡಿದ್ದರು, ತಂತಿ ಹೆಚ್ಚಿಸಿದ್ದರು. ಮಾರ್ಚ್‌ನ ಪಾಠವನ್ನು ಅವರು ಚೆನ್ನಾಗಿ ಓದಿದ್ದರು. ಒಂದೇ ದಿನದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಸತ್ತು, ಗಾಯಗೊಂಡು ಬಿದ್ದರು. ನೆಲ ಸಿಗಲಿಲ್ಲ. ಹೊಡೆತ ಚಿಕ್ಕದಾಯಿತು ಎಂದುಕೊಂಡು ಮುಂದಿನ ವಾರ ಹತ್ತಿರದ ಫೆಸ್ಟುಬೇರ್ ಹಳ್ಳಿಯಲ್ಲಿ ದಿನಗಟ್ಟಲೆ ಹೊಡೆದರು. 1916ರಲ್ಲಿ ಸೋಮ್‌ನಲ್ಲಿ ಒಂದು ವಾರ ಹೊಡೆದರು. ಅಲ್ಲಿ ಸುಮಾರು 1,500 ಫಿರಂಗಿಗಳಿದ್ದವು, ಆದರೆ ಸಾಲಿನ ಉದ್ದ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿತ್ತು. ಭಾಗಿಸಿ ನೋಡಿದರೆ ನ್ಯೂವ್ ಶಪೆಲ್‌ನಲ್ಲಿ ಐದಾರು ಮೀಟರಿಗೆ ಒಂದು, ಸೋಮ್‌ನಲ್ಲಿ ಹದಿನೈದು ಮೀಟರಿಗೆ ಒಂದು. 1916ರ ಜುಲೈ 1ರಂದು ಬ್ರಿಟಿಷರ ನಷ್ಟ 57,470. ಅವರಲ್ಲಿ ಸತ್ತವರು 19,240.

ಸೋಮ್‌ನ ದಾಳಿಯನ್ನು ನಡೆಸಿದ್ದು ಈ ಪ್ರಕರಣದ ಎಡ ಬದಿಯ ಅದೇ ಕೋರ್ ಕಮಾಂಡರ್. ಅಷ್ಟರಲ್ಲಿ ಅವನು ಬಡ್ತಿ ಪಡೆದು ಸೈನ್ಯವೊಂದರ ಮುಖ್ಯಸ್ಥನಾಗಿದ್ದ. ಇಲ್ಲಿ ನನಗೆ ಜಾಸ್ತಿ ನೋವಾಗುವುದು ಒಂದು ಕಾರಣಕ್ಕೆ. ನ್ಯೂವ್ ಶಪೆಲ್ ಮುಗಿದ ಕೆಲವೇ ದಿನಗಳಲ್ಲಿ ಸರಿಯಾದ ಉತ್ತರವನ್ನು ಬರೆದಿಟ್ಟವನು ಅವನೇ. ಫಿರಂಗಿ ತಲುಪುವಷ್ಟು ಸಣ್ಣ ತುಂಡು ಕಚ್ಚಿ ಹಿಡಿಯಬೇಕು, ಅಲ್ಲೇ ಗಟ್ಟಿಯಾಗಿ ಕೂರಬೇಕು, ಎದುರಾಳಿ ವಾಪಸ್ ಪಡೆಯಲು ಬಂದು ತಾನೇ ನಷ್ಟ ತಿನ್ನುವಂತೆ ಮಾಡಬೇಕು ಎಂದು. ಮೇಲಿನವರಿಗೆ ಅದು ತೀರಾ ಚಿಕ್ಕ ಆಸೆ ಅನಿಸಿತು. ಅವರಿಗೆ ದಿಬ್ಬ ಬೇಕಿತ್ತು, ದಿಬ್ಬದ ಆಚೆಯ ನಗರ ಬೇಕಿತ್ತು. ಅವನು ತನ್ನ ಮಾತಿಗೆ ಅಂಟಿಕೊಂಡು ಕೂರಲಿಲ್ಲ. ಛೀಮಾರಿ ತಿಂದು ಹುದ್ದೆ ಉಳಿಸಿಕೊಂಡವನಿಗೆ ಮೇಲಿನವನ ಎದುರು ಗಟ್ಟಿಯಾಗಿ ಮಾತಾಡುವ ಧೈರ್ಯ ಎಷ್ಟಿರುತ್ತದೆ, ಅಲ್ವಾ?

ಭಾರತದ ಕಾಲಾಳುಗಳ ಡಿವಿಷನ್‌ಗಳು 1915ರ ಕೊನೆಗೆ ಫ್ರಾನ್ಸ್ ಬಿಟ್ಟು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕ್ ಕಡೆಗೆ, ಹೋದವು. ಆ ದಿಬ್ಬ 1918ರ ಶರತ್ಕಾಲದ ತನಕ ಜರ್ಮನ್ನರ ಕೈಯಲ್ಲೇ ಇತ್ತು.

ಹಳ್ಳಿಯ ದಕ್ಷಿಣಕ್ಕೆ, ಅಂದು ದಾಳಿಯ ಬಲ ತುದಿ ಇದ್ದ ಕೂಡುರಸ್ತೆಯಲ್ಲಿ ಈಗ ಒಂದು ಸ್ಮಾರಕ ಇದೆ. 1927ರ ಅಕ್ಟೋಬರ್ 7ರಂದು ತೆರೆದದ್ದು. ದುಂಡನೆಯ ಆವರಣ, ಮುಂಭಾಗದಲ್ಲಿ ಅಶೋಕನ ಕಂಬಗಳನ್ನು ನೆನಪಿಸುವ ಎತ್ತರದ ಕಂಬ, ಅದರ ಎರಡು ಬದಿಗೆ ಹುಲಿಗಳು. ಗೋಡೆಯ ಮೇಲೆ, ಗೋರಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ್ದಾರೆ. ಅಕ್ಟೋಬರ್‌ನಲ್ಲಿ ಹಳ್ಳಿ ಹಿಡಿದು, ಹಿಂದಿನಿಂದ ಯಾರೂ ಬಾರದೆ ಅಲ್ಲೇ ಉಳಿದವರ ಹೆಸರೂ, ಮಾರ್ಚ್‌ನಲ್ಲಿ ದಿಕ್ಕು ತಪ್ಪಿ ಕತ್ತರಿಸದ ತಂತಿಗೆ ಸಿಕ್ಕಿದವರ ಹೆಸರೂ ಆ ಗೋಡೆಯ ಮೇಲೆ ಒಟ್ಟಿಗಿವೆ.